ರೋಡಿಯಂ ಓದಲು ಕ್ರೋಮ್ ಆಲಮ್: ಲಿಗ್ಯಾಂಡ್ ವಿನಿಮಯದ ವೇಗ ಅಳೆಯುವ ಬಗೆ, ಹಂತ ಹಂತವಾಗಿ

ನಿಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಕಪಾಟು ತೆಗೆದು ನೋಡಿ. ಕ್ರೋಮ್ ಆಲಮ್ ಎಂಬ ಚೀಟಿ ಅಂಟಿಸಿದ ಬಾಟಲಿ ಒಂದು ಮೂಲೆಯಲ್ಲಿ ಕೂತಿರುತ್ತದೆ. ಒಳಗೆ ಕಪ್ಪು ದ್ರಾಕ್ಷಿ ಬಣ್ಣದ ಹರಳುಗಳು. ಅದರ ಆಚೀಚೆಯಲ್ಲೇ ನೀರಿನ ಗಡಸುತನ ಅಳೆಯಲು ತರಿಸಿದ ಇಡಿಟಿಎ ಇರುತ್ತದೆ. ಈ ಎರಡು ಬಾಟಲಿ, ಒಂದು ಕಲರಿಮೀಟರ್, ಒಂದು ಥರ್ಮಾಮೀಟರ್, ಕೈಯಲ್ಲಿರುವ ಮೊಬೈಲಿನ ಸ್ಟಾಪ್‌ವಾಚ್. ಇಷ್ಟಿದ್ದರೆ ರೋಡಿಯಂ ಸಂಯುಕ್ತಗಳ ಲಿಗ್ಯಾಂಡ್ ವಿನಿಮಯ ಎಂಬ ಪಾಠವನ್ನು ಬಾಯಿಪಾಠ ಮಾಡದೆ ಕಲಿಯಬಹುದು.

ಬೀದರ್, ಭಾಲ್ಕಿ, ಔರಾದ್ ಕಡೆಯ ಬಿ.ಎಸ್‌ಸಿ. ಮಕ್ಕಳು ಈ ಪಾಠಕ್ಕೆ ಬಂದಾಗ ಹೇಳುವ ಮಾತು ಒಂದೇ: “ರೋಡಿಯಂ ನಮಗೆಲ್ಲಿ ಸಿಗಬೇಕ್ರಿ ಸರ?” ನಿಜ, ಚಿನ್ನಕ್ಕಿಂತ ತುಟ್ಟಿಯ ಲೋಹ ಅದು. ಆದರೆ ಈ ಪಾಠದಲ್ಲಿ ಕಲಿಯಬೇಕಾದದ್ದು ಲೋಹವನ್ನಲ್ಲ, ಲೋಹಕ್ಕೆ ಕೇಳುವ ಪ್ರಶ್ನೆಯನ್ನು. ಆ ಪ್ರಶ್ನೆಯನ್ನು ಕ್ರೋಮಿಯಂ ಮುಂದೆ ನಿಂತು ಕೇಳಲು ಕಲಿತವರು ರೋಡಿಯಂ ಕುರಿತ ಲೇಖನವನ್ನು ಧೈರ್ಯವಾಗಿ ಬಿಚ್ಚಬಲ್ಲರು ಎಂದು ನಾನು ಪೂರ್ತಿಯಾಗಿ ನಂಬಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಝರಣಿ ನರಸಿಂಹನ ಗುಹೆಗೆ ಹೋಗಿ ಬನ್ನಿ

ಹೋಗಿ ಬಂದವರಾದರೆ ನೆನಪಿಸಿಕೊಂಡರೆ ಸಾಕು. ಬೀದರ್ ನಗರದ ಅಂಚಿನಲ್ಲಿ ಜಂಬಿಟ್ಟಿಗೆ ಕಲ್ಲಿನ ಗುಡ್ಡದೊಳಗೆ ಸುರಂಗ. ಸೊಂಟದ ಮಟ್ಟ, ಕೆಲವೆಡೆ ಎದೆಮಟ್ಟದ ನೀರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಸುಮಾರು 300 ಮೀಟರ್ ನಡೆದರೆ ಕೊನೆಯಲ್ಲಿ ಗೋಡೆಯ ಮೇಲೆ ನರಸಿಂಹ. ದೇವರ ಮುಂದೆ ನಿಲ್ಲಲು ಬೆರಳೆಣಿಕೆಯ ಮಂದಿಗಷ್ಟೇ ಜಾಗ. ಉಳಿದವರು ನೀರಿನಲ್ಲೇ ಕಾಯಬೇಕು.

ಲೋಹದ ಪರಮಾಣುವೂ ಹೀಗೆಯೇ. ಅದರ ಸುತ್ತ ನಾಲ್ಕೋ ಆರೋ ಜಾಗ ಇರುತ್ತವೆ. ಆ ಜಾಗದಲ್ಲಿ ನಿಂತ ಅಣುಗಳೇ ಲಿಗ್ಯಾಂಡ್‌ಗಳು: ನೀರು, ಅಮೋನಿಯಾ, ಕಾರ್ಬನ್ ಮಾನಾಕ್ಸೈಡ್, ಎಥಿಲೀನ್, ಫಾಸ್ಫೀನ್. ಲೋಹಕ್ಕೆ ನೇರವಾಗಿ ಇಂಗಾಲ ಕಟ್ಟಿಕೊಂಡಿದ್ದರೆ ಅದನ್ನು ಆರ್ಗನೋಮೆಟಾಲಿಕ್ ಅನ್ನುತ್ತೇವೆ. ಹೊರಗಿನ ಲಿಗ್ಯಾಂಡ್ ಒಳಗೆ ಬರಲು ಇರುವ ದಾರಿ ಎರಡು. ಒಳಗಿದ್ದವರು ದರ್ಶನ ಮುಗಿಸಿ ತಾವಾಗಿ ಹೊರಟ ಮೇಲೆ ಜಾಗ ಖಾಲಿಯಾಗಿ ಹೊಸಬರು ಬರುವುದು ಒಂದು. ಇದು ವಿಯೋಜಕ ದಾರಿ, ಡಿಸೋಸಿಯೇಟಿವ್. ಹೊಸಬರು ಮೊದಲೇ ನುಗ್ಗಿ, ಒಂದು ಗಳಿಗೆ ಎಲ್ಲರೂ ಒತ್ತಿಕೊಂಡು ನಿಂತು, ಆಮೇಲೆ ಹಳಬರಲ್ಲಿ ಒಬ್ಬರು ಹೊರಬೀಳುವುದು ಇನ್ನೊಂದು. ಇದು ಸಂಯೋಜಕ ದಾರಿ, ಅಸೋಸಿಯೇಟಿವ್.

ಈಗ ನೋಡಿ. ಸುರಂಗದಲ್ಲಿ ಕಾಯುವ ಜನ ಇಮ್ಮಡಿಯಾದರು ಅನ್ನಿ. ಮೊದಲ ದಾರಿಯಲ್ಲಿ ಜಾಗ ಬದಲಾಗುವ ವೇಗ ಹೆಚ್ಚುವುದಿಲ್ಲ, ಏಕೆಂದರೆ ಒಳಗಿದ್ದವರು ಹೊರಡುವುದು ಅವರ ಇಷ್ಟ. ಎರಡನೆಯ ದಾರಿಯಲ್ಲಿ ಹೆಚ್ಚುತ್ತದೆ, ನುಗ್ಗುವವರು ಹೆಚ್ಚಾದರಲ್ಲ! ಕಣ್ಣಿಗೆ ಕಾಣದ ಅಣುಗಳ ನಡುವೆ ಏನು ನಡೆಯಿತು ಎಂಬುದನ್ನು ಬರೀ ಗಡಿಯಾರ ಹಿಡಿದು ಹೇಳಲು ಆಗುವುದು ಈ ಒಂದು ವ್ಯತ್ಯಾಸದಿಂದ.

ಹಂತ 2: ಎರಡು ಪ್ರನಾಳ, ಒಂದು ಎಚ್ಚರಿಕೆ

ಎರಡು ಪ್ರನಾಳಗಳಲ್ಲಿ ಮೈಲುತುತ್ತಿನ ತಿಳಿ ನೀಲಿ ದ್ರಾವಣ ತೆಗೆದುಕೊಳ್ಳಿ. ಒಂದಕ್ಕೆ ಅಮೋನಿಯಾ ದ್ರಾವಣ ಹನಿ ಹನಿಯಾಗಿ ಬಿಡಿ. ಮೊದಲು ಮಸುಕು ನೀಲಿಯ ಗಸಿ ಬರುತ್ತದೆ. ಇನ್ನಷ್ಟು ಬಿಟ್ಟರೆ ಅದು ಕರಗಿ, ಕಡು ನೀಲಿ. ತಾಮ್ರದ ಸುತ್ತ ನಿಂತಿದ್ದ ನೀರು ಹೋಗಿ ಅಮೋನಿಯಾ ಬಂತು. ಇದು ಲಿಗ್ಯಾಂಡ್ ವಿನಿಮಯ. ಎಷ್ಟು ಬೇಗ ಆಯಿತೆಂದರೆ ಸ್ಟಾಪ್‌ವಾಚ್ ಒತ್ತಲೂ ಸಮಯ ಸಿಗಲಿಲ್ಲ. ತಾಮ್ರದ ಸುತ್ತಲಿನ ನೀರು ಸೆಕೆಂಡಿಗೆ ನೂರು ಕೋಟಿ ಸಲಕ್ಕೂ ಮಿಕ್ಕಿ ಬದಲಾಗುತ್ತದೆ.

ಇನ್ನೊಂದು ಪ್ರನಾಳಕ್ಕೆ ಸತುವಿನ ಚೂರು ಹಾಕಿ. ಸತುವು ಕಪ್ಪಾಗುತ್ತದೆ. ಬೀದರಿನ ಮಕ್ಕಳಿಗೆ ಇದು ಹೊಸದಲ್ಲ. ಬಿದರಿ ಕೆಲಸಗಾರರು ಎರಕದಿಂದ ತೆಗೆದ ಸತುವಿನ ಹೂಜಿಗೆ ಮೈಲುತುತ್ತಿನ ನೀರು ಸವರಿ ಮೈಯೆಲ್ಲ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುವುದು ಇದೇ ಕ್ರಿಯೆಯಿಂದ. ಆ ಕಪ್ಪಿನ ಮೇಲೆ ಉಳಿಯಿಂದ ಬಳ್ಳಿ ಕೊರೆದರೆ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಬೆಳ್ಳಿ ಕೂರಿಸಿ, ಉಜ್ಜಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚಿದಾಗ ಬರುವ ಶಾಶ್ವತ ಕಪ್ಪಿನ ಕಥೆ ಬೇರೆ. ಅಲ್ಲಿ ಸತುವಿಗೆ ಬೆರೆಸಿದ ಚೂರು ತಾಮ್ರವೂ ಬೇಕು, ಆ ಮಣ್ಣಿನೊಳಗಿನ ಲವಣವೂ ಬೇಕು. ಆದರೆ ನಿಮ್ಮ ಪ್ರನಾಳದಲ್ಲಿ ಈಗ ಆದದ್ದು ಲಿಗ್ಯಾಂಡ್ ವಿನಿಮಯವಲ್ಲ. ಸತುವು ಎಲೆಕ್ಟ್ರಾನ್ ಕೊಟ್ಟಿತು, ತಾಮ್ರ ಇಸಿದುಕೊಂಡಿತು. ಬಣ್ಣ ಬದಲಾದದ್ದನ್ನೆಲ್ಲ ಲಿಗ್ಯಾಂಡ್ ವಿನಿಮಯ ಎಂದು ಬರೆದುಬಿಡುವ ತಪ್ಪನ್ನು ಉತ್ತರ ಪತ್ರಿಕೆಗಳಲ್ಲಿ ಎಷ್ಟು ಸಲ ನೋಡಿದ್ದೇನೋ! ಲೋಹದ ಆಕ್ಸಿಡೀಕರಣ ಸ್ಥಿತಿ ಬದಲಾಯಿತೇ ಎಂದು ಮೊದಲು ಕೇಳಿಕೊಳ್ಳಿ.

ಹಂತ 3: ದ್ರಾವಣಗಳನ್ನು ತಣ್ಣಗೆ ತಯಾರಿಸಿ

ಕ್ರೋಮ್ ಆಲಮ್ 0.5 ಗ್ರಾಂ ತೂಗಿ 100 ಮಿಲಿಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ. ಇದು 0.01 ಮೋಲಾರ್. ನೀರು ತಣ್ಣಗಿರಲೇಬೇಕು. ನಮ್ಮ ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಕಿಟಕಿ ಪಕ್ಕದ ಕ್ಯಾನಿನ ನೀರೂ ಕಾದಿರುತ್ತದೆ. ಬೇಗ ಕರಗಲಿ ಎಂದು ಬಿಸಿ ನೀರು ಹಾಕಿದರೆ ನೇರಳೆ ಛಾಯೆ ಹೋಗಿ ಹಸಿರಿಗೆ ಹೊರಳುತ್ತದೆ. ಆಲಮ್‌ನಲ್ಲೇ ಇರುವ ಸಲ್ಫೇಟ್ ಬಿಸಿಗೆ ಕ್ರೋಮಿಯಂ ಪಕ್ಕದ ಜಾಗ ಹಿಡಿದುಬಿಡುತ್ತದೆ. ಅದೂ ಲಿಗ್ಯಾಂಡ್ ವಿನಿಮಯವೇ, ಆದರೆ ನಿಮಗೆ ಬೇಡವಾದದ್ದು. ಕ್ಯಾನನ್ನು ಕುಡಿಯುವ ನೀರಿನ ಮಡಿಕೆಯ ಪಕ್ಕ ನೆರಳಿನಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಹರಳು ನಿಧಾನವಾಗಿ ಕರಗಲಿ, ಗಾಜಿನ ಕಡ್ಡಿಯಿಂದ ಆಡಿಸುತ್ತಿರಿ.

ಇಡಿಟಿಎಯ ಡೈಸೋಡಿಯಂ ಲವಣ 3.72 ಗ್ರಾಂ, 100 ಮಿಲಿಲೀಟರ್ ನೀರಿಗೆ: 0.1 ಮೋಲಾರ್. ಮೂರನೆಯದಾಗಿ ಅಸಿಟಿಕ್ ಆಮ್ಲ ಮತ್ತು ಸೋಡಿಯಂ ಅಸಿಟೇಟ್ ಬೆರೆಸಿದ ಬಫರ್, ಪಿಎಚ್ 4.7ರ ಆಸುಪಾಸು. ಇದನ್ನು ಬಿಡಬೇಡಿ. ಇಡಿಟಿಎ ಕ್ರೋಮಿಯಮ್ಮನ್ನು ಹಿಡಿಯುವಾಗ ಆಮ್ಲ ಬಿಡುತ್ತದೆ, ಆಮ್ಲ ಏರಿದಂತೆ ಕ್ರಿಯೆ ನಿಧಾನವಾಗುತ್ತದೆ. ಬಫರ್ ಇಲ್ಲದಿದ್ದರೆ ನೀವು ಅಳೆಯುವ ವೇಗ ನಡುದಾರಿಯಲ್ಲೇ ಬದಲಾಗುತ್ತಾ ಹೋಗುತ್ತದೆ.

ಹಂತ 4: ಬೆರೆಸಿ, ಕಾಯಿರಿ

ಹೌದು, ಕಾಯಬೇಕು. ಔರಾದ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಡಿಸೆಂಬರ್ ಚಳಿಯಲ್ಲಿ ಎರಡೂ ದ್ರಾವಣ ಬೆರೆಸಿ ಹದಿನೈದು ನಿಮಿಷ ನೋಡಿದ. “ಬಣ್ಣನ ಬರವಲ್ದ್ರಿ ಸರ, ಬಾಟಲಿ ಹಳೇದಾಗ್ಯದ” ಎಂದು ಸಿಂಕಿಗೆ ಚೆಲ್ಲಲು ಹೊರಟ. ಬೀಕರ್ ಹಾಗೇ ಇಡಿಸಿದೆ. ಮರುದಿನ ಬೆಳಿಗ್ಗೆ ಬೀಗ ತೆಗೆದಾಗ ಅದರೊಳಗೆ ನೇರಳೆ ಹಣ್ಣಿನ ರಸದ ಬಣ್ಣ. ಅವನು ಬೀಕರನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತದ್ದು ಈಗಲೂ ನನ್ನ ಕಣ್ಣಮುಂದಿದೆ. ಕ್ರೋಮಿಯಂ ತನ್ನ ಸುತ್ತಲಿನ ನೀರನ್ನು ಸುಲಭಕ್ಕೆ ಬಿಡುವ ಲೋಹವಲ್ಲ. 25 ಡಿಗ್ರಿಯಲ್ಲಿ ಒಂದು ಜಾಗದ ನೀರಿನ ಅರ್ಧಾಯು ಮೂರು ದಿನಕ್ಕೂ ಮಿಕ್ಕಿ. ಹೆನ್ರಿ ಟೌಬೆ 1952ರಲ್ಲಿ ಇಂಥವನ್ನು ಜಡ, ತಾಮ್ರದಂಥವನ್ನು ಚಂಚಲ ಎಂದು ವಿಂಗಡಿಸಿದರು. ಗೆರೆ ಎಳೆದದ್ದು ಸರಿಸುಮಾರು ಒಂದು ನಿಮಿಷಕ್ಕೆ: ಸಾಧಾರಣ ದ್ರಾವಣದಲ್ಲಿ ಅಷ್ಟರೊಳಗೆ ಕ್ರಿಯೆ ಮುಗಿದರೆ ಚಂಚಲ. ಲೋಹ ಸಂಕೀರ್ಣಗಳ ಮೇಲಿನ ಕೆಲಸಕ್ಕೆ ಅವರಿಗೆ 1983ರಲ್ಲಿ ನೊಬೆಲ್ ಬಂತು.

ರಾತ್ರಿಯಿಡೀ ಕಾಯಲಾರದವರು 50 ಡಿಗ್ರಿಯಲ್ಲಿ ಮಾಡಿ. ಥರ್ಮೋಸ್ಟಾಟ್ ಇಲ್ಲವೆಂದು, ಕರೆಂಟ್ ಹೋಗುತ್ತದೆಂದು ಬಿಡಬೇಡಿ. ಮನೆಯಲ್ಲಿ ರೊಟ್ಟಿ ಇಡುವ ದೊಡ್ಡ ಹಾಟ್‌ಬಾಕ್ಸ್‌ನಲ್ಲಿ 50 ಡಿಗ್ರಿಯ ನೀರು ತುಂಬಿ, ಒಂದು ಡಿಗ್ರಿ ಇಳಿದಾಗ ಸ್ವಲ್ಪ ಕುದಿನೀರು ಬೆರೆಸುತ್ತಿದ್ದರೆ ಒಳ್ಳೆಯ ಫಲ ಸಿಗುತ್ತದೆ. ಕ್ರೋಮ್ ದ್ರಾವಣ 10 ಮಿಲಿಲೀಟರ್, ಬಫರ್ 10 ಒಂದು ಫ್ಲಾಸ್ಕಿನಲ್ಲಿ, ಇಡಿಟಿಎ 30 ಇನ್ನೊಂದರಲ್ಲಿ. ಎರಡೂ ಹತ್ತು ನಿಮಿಷ ಆ ನೀರಿನಲ್ಲಿ ಕೂತು ಬಿಸಿಯಾದ ಮೇಲೆ ಒಂದಕ್ಕೊಂದು ಸುರಿಯಿರಿ. ಸ್ಟಾಪ್‌ವಾಚ್ ಒತ್ತಿ. ಈಗ ಕ್ರೋಮಿಯಮ್ಮಿಗಿಂತ ಇಡಿಟಿಎ ಮೂವತ್ತು ಪಟ್ಟು ಹೆಚ್ಚಿದೆ. ಇದು ಬೇಕೆಂದೇ ಮಾಡಿದ್ದು. ಕ್ರಿಯೆ ಮುಗಿಯುವವರೆಗೂ ಇಡಿಟಿಎಯ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ, ಬದಲಾಗುವುದು ಕ್ರೋಮಿಯಂ ಒಂದೇ.

ಐದೈದು ನಿಮಿಷಕ್ಕೆ 4 ಮಿಲಿಲೀಟರ್ ಪಿಪೆಟ್‌ನಲ್ಲಿ ತೆಗೆದು, ಮಂಜುಗಡ್ಡೆಯ ನೀರಿನಲ್ಲಿ ಇಟ್ಟ ಪ್ರನಾಳಕ್ಕೆ ಬಿಡಿ. ಚಳಿಗೆ ಕ್ರಿಯೆ ಹೆಚ್ಚುಕಡಿಮೆ ನಿಲ್ಲುತ್ತದೆ. ಪ್ರನಾಳದ ಹೊರಗಿನ ಹನಿ ಒರೆಸಿ, ಕಲರಿಮೀಟರಿನ 540 ನ್ಯಾನೋಮೀಟರ್ ಹಸಿರು ಫಿಲ್ಟರಿನಲ್ಲಿ ಹೀರಿಕೆ ಓದಿ ಬರೆದುಕೊಳ್ಳಿ. ಒಂದು ಗಂಟೆಯ ಮೇಲೆ ಉಳಿದದ್ದರಲ್ಲಿ ಸ್ವಲ್ಪ ತೆಗೆದು ಕೆಲವು ನಿಮಿಷ ಕುದಿಸಿ, ತಣಿಸಿ, ಓದಿ. ಅದು ಕೊನೆಯ ಓದು, ಎಲ್ಲ ಕ್ರೋಮಿಯಂ ಇಡಿಟಿಎ ಹಿಡಿತಕ್ಕೆ ಸಿಕ್ಕ ಮೇಲಿನ ಬಣ್ಣ. ಕುದಿಯುವಾಗ ಆವಿಯಾಗಿ ಗಟ್ಟಿಯಾಗದಂತೆ ಬಾಯಿ ಮುಚ್ಚಿರಲಿ.

ಹಂತ 5: ಗ್ರಾಫ್ ಎಳೆಯಿರಿ

ಕೊನೆಯ ಓದಿನಿಂದ ಪ್ರತಿ ಓದನ್ನೂ ಕಳೆಯಿರಿ. ಸಿಕ್ಕ ಸಂಖ್ಯೆ ಇನ್ನೂ ಬದಲಾಗದೆ ಉಳಿದ ಕ್ರೋಮಿಯಮ್ಮಿನ ಅಳತೆ. ಅದರ ಸ್ವಾಭಾವಿಕ ಲಾಗ್ ತೆಗೆದು ಕಾಲಕ್ಕೆ ಎದುರಾಗಿ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡಿ. ಚುಕ್ಕಿಗಳು ನೇರ ಗೆರೆಯಲ್ಲಿ ಇಳಿದರೆ ಕ್ರಿಯೆ ಕ್ರೋಮಿಯಮ್ಮಿನ ಮಟ್ಟಿಗೆ ಮೊದಲ ಕ್ರಮಾಂಕದ್ದು. ಇಳಿಜಾರೇ ದರ ಸ್ಥಿರಾಂಕ. ಉದಾಹರಣೆಗೆ ಆ ವ್ಯತ್ಯಾಸ 0.36 ಇದ್ದದ್ದು 20 ನಿಮಿಷಕ್ಕೆ 0.18, ಮತ್ತೆ 20ಕ್ಕೆ 0.09 ಆಗುತ್ತಿದ್ದರೆ ಅರ್ಧಾಯು 20 ನಿಮಿಷ. 0.693 ಅನ್ನು 20ರಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 0.035. ಮೊದಲ ಒಂದೆರಡು ಚುಕ್ಕಿ ಗೆರೆ ಬಿಟ್ಟು ಕೂತರೆ ಅಳಿಸಬೇಡಿ. ದ್ರಾವಣ ಪೂರ್ತಿ ಬಿಸಿಯಾಗಿರಲಿಲ್ಲ ಎಂದು ಆ ಚುಕ್ಕಿ ಹೇಳುತ್ತಿರಬಹುದು.

ಹಂತ 6: ಕಾಯುವವರ ಸಾಲನ್ನು ಗಿಡ್ಡ ಮಾಡಿ ನೋಡಿ

ಪ್ರಯೋಗದ ಜೀವ ಇರುವುದು ಇಲ್ಲಿ. ಇಡಿಟಿಎ 30ರ ಬದಲು 15 ಮಿಲಿಲೀಟರ್, ಉಳಿದ 15ಕ್ಕೆ ನೀರು. ಉಳಿದದ್ದೆಲ್ಲ ಹಾಗೇ. ಮತ್ತೆ ದರ ಸ್ಥಿರಾಂಕ ಕಂಡುಹಿಡಿಯಿರಿ. ಇಡಿಟಿಎ ಅರ್ಧವಾದರೂ ವೇಗ ಅರ್ಧವಾಗಿರುವುದಿಲ್ಲ, ಹೆಚ್ಚು ಕಡಿಮೆ ಮೊದಲಿನಷ್ಟೇ ಇರುತ್ತದೆ. ಹಾಗಾದರೆ ಇದು ವಿಯೋಜಕ ದಾರಿ ಎಂದು ಬರೆದುಬಿಡಬಹುದೇ?

ಅವಸರ ಬೇಡ. ಕ್ರೋಮಿಯಂ ಧನ ಆವೇಶದ್ದು, ಇಡಿಟಿಎ ಋಣ ಆವೇಶದ್ದು. ಎರಡೂ ಮೊದಲೇ ಅಂಟಿಕೊಂಡು ಜೋಡಿಯಾಗಿ ತೇಲುತ್ತಿರುತ್ತವೆ. ಗುಹೆಯ ಬಾಗಿಲಿಗೇ ಒಬ್ಬ ಒರಗಿ ನಿಂತಿದ್ದಾನೆ ಅನ್ನಿ, ಹಿಂದೆ ನೂರು ಜನ ಇದ್ದರೇನು, ಇನ್ನೂರು ಇದ್ದರೇನು? ಸಾಲಿನ ಉದ್ದ ಲೆಕ್ಕಕ್ಕೆ ಬರುವುದಿಲ್ಲ. ನೀರಿನ ವಿನಿಮಯವನ್ನು ಅತಿ ಒತ್ತಡದಲ್ಲಿ ಅಳೆದಾಗ ಕ್ರೋಮಿಯಂ ಕ್ರಿಯೆ ಒತ್ತಡಕ್ಕೆ ಚುರುಕಾಯಿತು. ಒತ್ತಿದರೆ ಚುರುಕಾಗುವುದೆಂದರೆ ನಡುಸ್ಥಿತಿ ಮೊದಲಿಗಿಂತ ಇಕ್ಕಟ್ಟಿನದು, ಬರುವ ಅಣುವಿನ ಕೈವಾಡ ಅಲ್ಲಿದೆ. ಕೂಪರ್ ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ಗ್ರೇ 1960ರ ದಶಕದ ನಡುವಿನಲ್ಲಿ ಎರಡು ದಾರಿಗಳ ನಡುವೆ ‘ಅದಲುಬದಲು’ ಎಂಬ ಮೂರನೆಯದನ್ನು ಇಟ್ಟದ್ದು ಇಂಥ ತೊಡಕಿಗಾಗಿಯೇ. ಒಂದೇ ಗ್ರಾಫ್ ನಂಬಿ ತೀರ್ಪು ಕೊಡಬಾರದು ಎಂಬುದನ್ನು ಕ್ರೋಮಿಯಂ ಕಲಿಸುವಷ್ಟು ಚೆನ್ನಾಗಿ ಪುಸ್ತಕ ಕಲಿಸಲಾರದು.

ಹಂತ 7: ಬಿಸಿಯ ಲೆಕ್ಕ

ಇದೇ ಪ್ರಯೋಗವನ್ನು 40 ಮತ್ತು 60 ಡಿಗ್ರಿಯಲ್ಲಿ ಮಾಡಿ. ದರ ಸ್ಥಿರಾಂಕವನ್ನು ಕೆಲ್ವಿನ್ ತಾಪಮಾನದಿಂದ ಭಾಗಿಸಿ, ಲಾಗ್ ತೆಗೆದು, ತಾಪಮಾನದ ವಿಲೋಮಕ್ಕೆ ಎದುರಾಗಿ ಎಳೆಯಿರಿ. ಗೆರೆಯನ್ನು ಮುಂದುವರಿಸಿದರೆ ನೀವು ಅಳೆಯದ 25 ಡಿಗ್ರಿಯ ವೇಗವೂ ತಿಳಿಯುತ್ತದೆ. ಈ ಕೌಶಲ ಮುಂದಿನ ಹಂತಕ್ಕೆ ಬೇಕು.

ಹಂತ 8: ರೋಡಿಯಂ

ಈಗ ಪುಸ್ತಕ ಬಿಚ್ಚಿ. ರೋಡಿಯಂ ಅಯಾನಿನ ಸುತ್ತ ಆರು ನೀರು. ಅವುಗಳಲ್ಲಿ ಒಂದು ಬದಲಾಗುವ ದರ 25 ಡಿಗ್ರಿಯಲ್ಲಿ ಎಷ್ಟು ಕಡಿಮೆಯೆಂದರೆ ಅರ್ಧಾಯು ಸುಮಾರು 10 ವರ್ಷ. ಬಂದ ನೀರೂ ನೀರೇ, ಹೋದ ನೀರೂ ನೀರೇ, ಬಣ್ಣ ಬದಲಾಗುವುದಿಲ್ಲ. ಅದಕ್ಕೆ ಆಮ್ಲಜನಕ 17 ಐಸೊಟೋಪಿನ ಗುರುತು ಹಾಕಿದ ನೀರನ್ನು ಬಳಸಿ ಎನ್‌ಎಂಆರ್‌ನಲ್ಲಿ ನೋಡಿದರು. ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ಆಂದ್ರೆ ಮೆರ್ಬಾಕ್ ಅವರ ಗುಂಪು 1991ರಲ್ಲಿ ಪ್ರಕಟಿಸಿದ ಕೆಲಸ ಅದು. ಹತ್ತು ವರ್ಷ ಯಾರೂ ಕಾಯಲಿಲ್ಲ. ಬಿಸಿಯಲ್ಲಿ ಅಳೆದು, ಏಳನೆಯ ಹಂತದಲ್ಲಿ ನೀವು ಎಳೆದಂಥದೇ ಗೆರೆಯ ಮೇಲೆ 25ಕ್ಕೆ ಇಳಿದರು.

ಇನ್ನು ಆರರಲ್ಲಿ ಮೂರು ನೀರು ತೆಗೆದು ಆ ಬದಿಗೆ ಐದು ಮೀಥೈಲ್ ಇರುವ ಸೈಕ್ಲೊಪೆಂಟಾಡೈನೈಲ್ ಉಂಗುರ ಕೂರಿಸಿ. ಇಂಗಾಲ ಲೋಹಕ್ಕೆ ಕಟ್ಟಿಕೊಂಡಿತು, ಸಂಯುಕ್ತ ಆರ್ಗನೋಮೆಟಾಲಿಕ್ ಆಯಿತು. ಉಳಿದ ಮೂರು ನೀರಿನ ಅರ್ಧಾಯು ಈಗ ನಾಲ್ಕು ಮೈಕ್ರೋಸೆಕೆಂಡಿನ ಆಸುಪಾಸು. ಹತ್ತು ವರ್ಷ ಎಲ್ಲಿ, ನಾಲ್ಕು ಮೈಕ್ರೋಸೆಕೆಂಡ್ ಎಲ್ಲಿ! ಸುಮಾರು 70 ಲಕ್ಷ ಕೋಟಿ ಪಟ್ಟು ವೇಗ. ಲೋಹ ಅದೇ, ಅದರ ಆಕ್ಸಿಡೀಕರಣ ಸ್ಥಿತಿಯೂ ಅದೇ, ಹೋಗುವುದೂ ಅದೇ ನೀರು. ಉಂಗುರ ಲೋಹಕ್ಕೆ ಎಲೆಕ್ಟ್ರಾನ್ ಸುರಿದು ಎದುರು ಬದಿಯ ನೀರಿನ ಹಿಡಿತ ಸಡಿಲಿಸುತ್ತದೆ. ಈ ಎರಡು ಸಂಖ್ಯೆ ಪಕ್ಕಪಕ್ಕ ಬರೆದುಕೊಂಡ ದಿನ ನನಗೆ ನಿದ್ದೆ ಬರಲಿಲ್ಲ.

ಮುಂದೆ ರೋಡಿಯಂನ ಡೈಕಾರ್ಬೋನಿಲ್: ಒಂದು ಸೈಕ್ಲೊಪೆಂಟಾಡೈನೈಲ್ ಉಂಗುರ, ಎರಡು ಕಾರ್ಬನ್ ಮಾನಾಕ್ಸೈಡ್. ಫ್ರೆಡ್ ಬಸೊಲೊ ಮತ್ತು ಶುಸ್ಟರ್-ವೋಲ್ಡಾನ್ 1966ರಲ್ಲಿ ಇದಕ್ಕೆ ಟ್ರೈಫಿನೈಲ್‌ಫಾಸ್ಫೀನ್ ಹಾಕಿ ಇನ್ಫ್ರಾರೆಡ್‌ನಲ್ಲಿ ನೋಡಿದರು. ಎರಡು ಕಾರ್ಬೋನಿಲ್ ಪಟ್ಟೆ ಕುಗ್ಗಿ, ಬೇರೆ ಕಡೆ ಒಂದೇ ಪಟ್ಟೆ ಏಳುತ್ತದೆ. ಆರನೆಯ ಹಂತದ ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳಿದರು: ಫಾಸ್ಫೀನ್ ಹೆಚ್ಚಿಸಿದರೆ? ವೇಗ ಅಷ್ಟೇ ಪಟ್ಟು ಏರಿತು. ಫಾಸ್ಫೀನಿಗೆ ಆವೇಶವಿಲ್ಲ, ಬಾಗಿಲಿಗೆ ಒರಗಿ ನಿಲ್ಲುವ ತೊಡಕು ಇಲ್ಲ. ಆದ್ದರಿಂದ ಇದು ಸಂಯೋಜಕ ದಾರಿಯೇ. ಆದರೆ ಲೋಹದ ಸುತ್ತ ಆಗಲೇ 18 ಎಲೆಕ್ಟ್ರಾನ್ ತುಂಬಿವೆ, ಹೊಸಬರು ನುಗ್ಗಲು ಜಾಗ ಎಲ್ಲಿಂದ ಬಂತು? ಉಂಗುರವೇ ಪಕ್ಕಕ್ಕೆ ಜಾರಿ, ಐದು ಇಂಗಾಲದ ಬದಲು ಮೂರರಿಂದ ಹಿಡಿದುಕೊಂಡು ದಾರಿ ಬಿಡುತ್ತದೆ. ಸುರಂಗದಲ್ಲಿ ಹೊಸಬರು ಬಂದಾಗ ಗೋಡೆಗೆ ಒತ್ತಿಕೊಂಡು ಅಡ್ಡಡ್ಡ ನಿಲ್ಲುತ್ತೇವಲ್ಲ, ಹಾಗೆ. ಉಂಗುರದ ಪಕ್ಕ ಬೆಂಜೀನ್ ಉಂಗುರ ಬೆಸೆದ ಇಂಡೆನೈಲ್ ಹಾಕಿದರೆ ಈ ಜಾರುವಿಕೆ ಇನ್ನೂ ಸಲೀಸು. ಬಸೊಲೊ ಗುಂಪು 1983ರಲ್ಲಿ ಅಳೆದಾಗ ವೇಗ 10 ಕೋಟಿ ಪಟ್ಟಿಗೂ ಮೀರಿ ಏರಿತ್ತು.

ಜಾರಲು ಏನೂ ಇಲ್ಲದಿದ್ದರೂ ಜಾಗ ಇದ್ದರೆ ಸಾಕು. ಡುಪಾಂಟ್‌ನ ರಿಚರ್ಡ್ ಕ್ರಾಮರ್ 1964ರಲ್ಲಿ ಎರಡು ಎಥಿಲೀನ್ ಸಂಯುಕ್ತ ಹೋಲಿಸಿದರು. ಅಸಿಟೈಲ್‌ಅಸಿಟೋನೇಟ್ ಇರುವ 16 ಎಲೆಕ್ಟ್ರಾನಿನ ರೋಡಿಯಂ ಹೊರಗಿನ ಎಥಿಲೀನನ್ನು ಕ್ಷಣದಲ್ಲಿ ಬದಲಿಸಿಕೊಂಡಿತು. 18 ಎಲೆಕ್ಟ್ರಾನಿನ ಸೈಕ್ಲೊಪೆಂಟಾಡೈನೈಲ್ ರೋಡಿಯಂ 100 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೂ ಬದಲಿಸಲಿಲ್ಲ.

ಹಂತ 9: ಎರಡನೆಯ ಪ್ರಶ್ನೆ

ಬರುವುದನ್ನು ಹೆಚ್ಚಿಸಿದ್ದಾಯಿತು. ಹೋಗುವುದನ್ನು ಹೆಚ್ಚಿಸಿ ನೋಡಿ. ಕಡುಗೆಂಪಿನ ವಿಲ್ಕಿನ್ಸನ್ ವೇಗವರ್ಧಕದಲ್ಲಿ ರೋಡಿಯಮ್ಮಿಗೆ ಮೂರು ಟ್ರೈಫಿನೈಲ್‌ಫಾಸ್ಫೀನ್, ಒಂದು ಕ್ಲೋರೈಡ್. ದ್ರಾವಣಕ್ಕೆ ಇನ್ನಷ್ಟು ಟ್ರೈಫಿನೈಲ್‌ಫಾಸ್ಫೀನ್ ಸುರಿದರೆ ಹೈಡ್ರೋಜನ್ ಸೇರಿಸುವ ಕೆಲಸ ನಿಧಾನವಾಗುತ್ತದೆ. ಅಂದರೆ ಕೆಲಸ ಶುರುವಾಗಲು ಮೊದಲು ಒಂದು ಫಾಸ್ಫೀನ್ ಎದ್ದು ಹೋಗಬೇಕು. ಜ್ಯಾಕ್ ಹಾಲ್ಪರ್ನ್ ತೋರಿಸಿದಂತೆ ಹೀಗೆ ಒಂದು ಜಾಗ ಖಾಲಿಯಾದ ರೋಡಿಯಂ, ಮೂರೂ ತುಂಬಿದ ರೋಡಿಯಮ್ಮಿಗಿಂತ ಹತ್ತು ಸಾವಿರ ಪಟ್ಟಿಗೂ ವೇಗವಾಗಿ ಹೈಡ್ರೋಜನ್ ಹಿಡಿಯುತ್ತದೆ.

ಬಿ.ಎಸ್‌ಸಿ. ಮುಗಿಸಿ ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಘಟಕಗಳಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋಗುವ ಮಕ್ಕಳು ನಮ್ಮಲ್ಲಿ ಬಹಳ. ಇಂಥ ವೇಗವರ್ಧಕ ಬಳಸಿ ಮಾಡಿದ, ಬಾಯಿಂದ ತೆಗೆದುಕೊಳ್ಳುವ ಔಷಧದಲ್ಲಿ ಉಳಿದ ರೋಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಔಷಧದಿಂದ ಲೋಹವನ್ನು ಹೊರತೆಗೆಯಲು ಅದಕ್ಕೆ ಬಿಗಿಯಾಗಿ ಅಂಟುವ ಇನ್ನೊಂದು ಲಿಗ್ಯಾಂಡ್ ಕೊಡುತ್ತಾರೆ. ಎಷ್ಟು ಹೊತ್ತು ಕಲಸಬೇಕು, ಎಷ್ಟು ಬಿಸಿ ಬೇಕು ಎಂಬುದು ಹಾಟ್‌ಬಾಕ್ಸ್‌ನ ಪಕ್ಕ ಕೂತು ನೀವು ಮಾಡಿದ ಲೆಕ್ಕವೇ.

ಹಂತ 10: ತೊಳೆಯುವ ಮೊದಲು

ಕ್ರೋಮಿಯಂ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಗುರುತು ಬರೆದ ಕ್ಯಾನಿನಲ್ಲಿ ಕೂಡಿಡಿ. 25 ಡಿಗ್ರಿಯಲ್ಲಿ ಹೊಸದಾಗಿ ಒಂದು ಬೀಕರ್ ಬೆರೆಸಿ, ಬಾಯಿ ಮುಚ್ಚಿ, ಬೆರೆಸಿದ ಗಂಟೆ ಬರೆದು ಕಿಟಕಿಯಲ್ಲಿಡಿ. ಏಳನೆಯ ಹಂತದ ಗೆರೆಯಿಂದ ಅದು ಅರ್ಧ ಬಣ್ಣಕ್ಕೆ ಬರುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಅಂಟಿಸಿ. ಆ ಹೊತ್ತಿಗೆ ಸರಿಯಾಗಿ ಹೋಗಿ ಕಲರಿಮೀಟರಿನಲ್ಲಿ ಓದಿ.